ಹಗ್ಗ ಹಿಡಿದವನ ಮಾತಿಗೆ ಬೆಲೆ ಎಷ್ಟು?

ಇಂಗ್ಲೆಂಡಿನ ನೇಣುಗಾರ ಆಲ್ಬರ್ಟ್ ಪಿಯರ್‌ಪಾಯಿಂಟ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಶಿವಮೊಗ್ಗದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಖಾರವಾದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ‘ನೂರಾರು ಜನರನ್ನು ನೇಣಿಗೆ ಹಾಕಿ, ಪ್ರತಿಯೊಂದಕ್ಕೂ ಕೂಲಿ ಎಣಿಸಿಕೊಂಡವನು ಮುದುಕನಾದ ಮೇಲೆ ಗಲ್ಲಿನಿಂದ ಪ್ರಯೋಜನವಿಲ್ಲ ಎಂದರೆ ಅದನ್ನು ಸುಭಾಷಿತದಂತೆ ಅಚ್ಚು ಹಾಕಬೇಕೇ? ಕೊಲೆಯಾದವರ ತಾಯಂದಿರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಗಲ್ಲಿನ ಪರವಾಗಿ ಬರೆದರೆ ನೀವು ಪ್ರಕಟಿಸುತ್ತೀರಾ?’

ಮಾನ್ಯರೇ,

ನಿಮ್ಮ ಮೊದಲ ಆಕ್ಷೇಪವನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಪಿಯರ್‌ಪಾಯಿಂಟ್ ಕೆಲಸ ಬಿಟ್ಟದ್ದು ಪಶ್ಚಾತ್ತಾಪದಿಂದಲ್ಲ, ಕೂಲಿಯ ಜಗಳದಿಂದ. 1956ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಸ್ಟ್ರೇಂಜ್‌ವೇಸ್ ಜೈಲಿಗೆ ಹೋಗಿ ಎಲ್ಲ ಸಿದ್ಧತೆ ಮುಗಿಸಿಕೊಂಡಿದ್ದಾಗ ಕೈದಿಗೆ ಜೀವದಾನ ಸಿಕ್ಕಿತು. ತನಗೆ ಪೂರ್ತಿ 15 ಪೌಂಡ್ ಬರಬೇಕೆಂದು ಇವನು. ನೇಣೇ ಆಗಿಲ್ಲವಲ್ಲ, ಖರ್ಚನ್ನಷ್ಟೇ ಕೊಡುತ್ತೇವೆಂದು ಅಧಿಕಾರಿಗಳು. ಮರುತಿಂಗಳೇ ರಾಜೀನಾಮೆ. 1974ರ ಆತ್ಮಕಥೆಯಲ್ಲಿ, ತಾನು ಹಾಕಿದ ನೇಣುಗಳಿಂದ ಒಂದು ಕೊಲೆಯೂ ತಪ್ಪಲಿಲ್ಲ, ಸೇಡು ತೀರಿತು ಅಷ್ಟೇ ಎಂಬರ್ಥದ ಮಾತು ಬರೆದ. ಎರಡು ವರ್ಷಗಳ ನಂತರ ರೇಡಿಯೊ ಸಂದರ್ಶನವೊಂದರಲ್ಲಿ, ಅಪರಾಧಗಳು ಹೆಚ್ಚುತ್ತಿರುವುದನ್ನು ನೋಡಿ, ಆ ಮಾತಿನಲ್ಲೂ ಅವನಿಗೆ ಮೊದಲಿನ ಗಟ್ಟಿತನ ಉಳಿದಿರಲಿಲ್ಲ. ಗಲ್ಲನ್ನು ವಿರೋಧಿಸುವವರು (ನಾನೂ ಅವರಲ್ಲೊಬ್ಬ) ಇಂಥವನ ಅಭಿಪ್ರಾಯವನ್ನು ಆಧಾರವಾಗಿ ಹಿಡಿದುಕೊಳ್ಳುವುದು ಜಾಣತನವಲ್ಲ. ಅಭಿಪ್ರಾಯವನ್ನು ಬದಿಗಿಟ್ಟು ಅವನ ಕೆಲಸವನ್ನು ನೋಡೋಣ.

ತಂದೆ ಹೆನ್ರಿ, ದೊಡ್ಡಪ್ಪ ಥಾಮಸ್, ಇಬ್ಬರೂ ನೇಣುಗಾರರೇ. ಹುಡುಗ ಹನ್ನೊಂದರ ವಯಸ್ಸಿನಲ್ಲೇ ಶಾಲೆಯ ಪ್ರಬಂಧದಲ್ಲಿ ತಾನೂ ಅದೇ ಆಗುತ್ತೇನೆಂದು ಬರೆದಿದ್ದ. 1932ರಲ್ಲಿ ಸಹಾಯಕನಾದ, 1941ರಲ್ಲಿ ಮುಖ್ಯಸ್ಥನಾದ. ಅದು ಹೊಟ್ಟೆಪಾಡಿನ ಉದ್ಯೋಗವಾಗಿರಲಿಲ್ಲ. ಮೊದಲು ದಿನಸಿ ಅಂಗಡಿಯ ವ್ಯಾನ್ ಓಡಿಸುತ್ತಿದ್ದ, ಆಮೇಲೆ ಪಬ್ ನಡೆಸಿದ. ಕರೆ ಬಂದಾಗ ಹಿಂದಿನ ದಿನವೇ ಜೈಲು ಸೇರಿ, ಕಿಂಡಿಯಿಂದ ಕೈದಿಯ ಮೈಕಟ್ಟನ್ನು ನೋಡುತ್ತಿದ್ದ. ತೂಕ, ಎತ್ತರ, ಕತ್ತಿನ ಬಲ ಲೆಕ್ಕ ಹಾಕಿ ಹಗ್ಗದ ಉದ್ದವನ್ನು ಗೊತ್ತುಮಾಡುತ್ತಿದ್ದ. ಭಾರದ ಆಳಿಗೆ ಬೀಳುವ ದೂರ ಕಡಿಮೆ, ಹಗುರದವನಿಗೆ ಹೆಚ್ಚು. ಉದ್ದ ಕಡಿಮೆಯಾದರೆ ಉಸಿರುಗಟ್ಟಿ ನರಳುತ್ತಾನೆ, ಹೆಚ್ಚಾದರೆ ರುಂಡವೇ ಹಾರುತ್ತದೆ. ಹಗ್ಗ ಬೆಳಿಗ್ಗೆ ಹಿಗ್ಗಬಾರದೆಂದು ರಾತ್ರಿಯಿಡೀ ಮರಳಿನ ಚೀಲವನ್ನು ತೂಗುಹಾಕುತ್ತಿದ್ದರು. ಅನೇಕ ಜೈಲುಗಳಲ್ಲಿ ನೇಣಿನ ಕೋಣೆ ಕೈದಿಯ ಕೋಣೆಗೆ ಅಂಟಿಕೊಂಡೇ ಇರುತ್ತಿತ್ತು, ನಡುವಿನ ಬಾಗಿಲಿಗೆ ಬೀರು ಅಡ್ಡವಿಟ್ಟಿರುತ್ತಿದ್ದರು. ಬೆಳಿಗ್ಗೆ ಒಳಗೆ ಹೋಗಿ ಕೈ ಕಟ್ಟಿ, ಬೀರು ಸರಿಸಿ, ಹಲಗೆಯ ಮೇಲಿನ ಸೀಮೆಸುಣ್ಣದ ಗುರುತಿನ ಮೇಲೆ ನಿಲ್ಲಿಸಿ, ಮುಸುಕು, ಕುಣಿಕೆ, ಸನ್ನೆಗೋಲು. 1951ರಲ್ಲಿ ಜೇಮ್ಸ್ ಇಂಗ್ಲಿಸ್ ಎಂಬವನ ವಿಷಯದಲ್ಲಿ ಇಷ್ಟೆಲ್ಲ ಏಳು ಸೆಕೆಂಡಿನಲ್ಲಿ ಮುಗಿಯಿತು. ಯುದ್ಧದ ನಂತರ ಸರ್ಕಾರ ಸುಮಾರು 200 ಯುದ್ಧಾಪರಾಧಿಗಳ ನೇಣಿಗೆ ಇವನನ್ನೇ ಕಳುಹಿಸಿತು. 1945ರ ಡಿಸೆಂಬರ್ 13ರಂದು ಜರ್ಮನಿಯ ಹಾಮೆಲ್ನ್‌ನಲ್ಲಿ ಒಂದೇ ದಿನ ಹದಿಮೂರು ಜನ. ಕಸುಬಿನ ಮಟ್ಟಿಗೆ ಅವನಲ್ಲಿ ಕುಂದು ಹುಡುಕುವುದು ಕಷ್ಟ.

ನನ್ನ ವಾದ ನಿಂತಿರುವುದು ಈ ಕುಂದಿಲ್ಲದ ಕೆಲಸದ ಮೇಲೆಯೇ. 1950ರ ಮಾರ್ಚ್ 9ರಂದು ಲಂಡನ್ನಿನ ಪೆಂಟನ್‌ವಿಲ್ ಜೈಲಿನಲ್ಲಿ ಅವನು ತಿಮೋಥಿ ಇವಾನ್ಸ್ ಎಂಬ ಇಪ್ಪತ್ತೈದರ ಯುವಕನನ್ನು ನೇಣಿಗೇರಿಸಿದ. ತನ್ನ ಹಸುಗೂಸನ್ನು ಕೊಂದನೆಂಬುದು ಅಪರಾಧ. ಪೊಲೀಸರ ಮುಂದೆ ತಪ್ಪೊಪ್ಪಿಗೆಯೂ ಆಗಿತ್ತು. ವಿಚಾರಣೆಯಲ್ಲಿ ಅವನ ವಿರುದ್ಧ ಮುಖ್ಯ ಸಾಕ್ಷಿ ಹೇಳಿದವನು ಅದೇ ಮನೆಯಲ್ಲಿ ಕೆಳಗೆ ವಾಸವಿದ್ದ ಜಾನ್ ಕ್ರಿಸ್ಟಿ. ಮೂರು ವರ್ಷಗಳ ನಂತರ ಆ ಮನೆಯ ಗೋಡೆಯೊಳಗೆ, ನೆಲದಡಿ, ಹಿತ್ತಲಿನಲ್ಲಿ ಹೆಂಗಸರ ಶವಗಳು ಸಿಕ್ಕವು. ಕ್ರಿಸ್ಟಿ ಸರಣಿ ಹಂತಕ. 1953ರ ಜುಲೈ 15ರಂದು ಅದೇ ಜೈಲಿನಲ್ಲಿ, ಅದೇ ಪಿಯರ್‌ಪಾಯಿಂಟ್ ಕೈಯಲ್ಲಿ ಅವನಿಗೂ ನೇಣಾಯಿತು. ಇವಾನ್ಸ್‌ನಿಗೆ ಸರ್ಕಾರ ಕ್ಷಮಾದಾನ ಕೊಟ್ಟದ್ದು 1966ರಲ್ಲಿ.

ನೀವು ತರಗತಿಗಳಲ್ಲಿ ಹರಿಶ್ಚಂದ್ರನ ಕಥೆಯನ್ನು ಪಾಠ ಮಾಡಿದವರು. ಕಾಶಿಯ ಅರಸನ ಮಗುವನ್ನು ಕೊಂದಳೆಂದು ಚಂದ್ರಮತಿಗೆ ಮರಣದಂಡನೆ. ವೀರಬಾಹುವಿನ ಆಳಾಗಿ ಕತ್ತಿ ಎತ್ತಬೇಕಾದವನು ಗಂಡನೇ. ನಾವು ಅವನ ಸತ್ಯನಿಷ್ಠೆಗೆ ಕಣ್ಣೀರು ಹಾಕುತ್ತೇವೆ, ಆದರೆ ಆಪಾದನೆಯೇ ಸುಳ್ಳಾಗಿತ್ತು ಎಂಬುದನ್ನು ಅಷ್ಟಾಗಿ ಚರ್ಚಿಸುವುದಿಲ್ಲ. ಅಲ್ಲಿ ಶಿವ ಬಂದ. ಪೆಂಟನ್‌ವಿಲ್‌ಗೆ ಗೃಹ ಇಲಾಖೆಯಿಂದಲೂ ಯಾರೂ ಬರಲಿಲ್ಲ.

ಗಲ್ಲಿನ ಭಯ ಕೊಲೆಗಾರರನ್ನು ತಡೆಯುತ್ತದೆ ಎಂದೂ ಬರೆದಿದ್ದೀರಿ. ಪಿಯರ್‌ಪಾಯಿಂಟ್‌ನ ಪಬ್ಬಿಗೆ ಜೇಮ್ಸ್ ಕಾರ್ಬಿಟ್ ಎಂಬ ಗಿರಾಕಿ ಬರುತ್ತಿದ್ದ. ಇಬ್ಬರೂ ಜೊತೆಗೆ ಹಾಡುತ್ತಿದ್ದರು, ಒಬ್ಬರನ್ನೊಬ್ಬರು ‘ಟಿಶ್’, ‘ಟಾಶ್’ ಎಂದು ಕರೆಯುತ್ತಿದ್ದರು. ದೇಶದ ನೇಣುಗಾರನ ಹೆಗಲ ಮೇಲೆ ಕೈ ಹಾಕಿ ಹಾಡಿದವನೇ ಪ್ರೇಯಸಿಯನ್ನು ಕೊಂದ. 1950ರ ನವೆಂಬರ್ 28ರಂದು ಟಿಶ್‌ನ ಕೊರಳಿಗೆ ಕುಣಿಕೆ ಹಾಕಿದವನು ಟಾಶ್. ಒಬ್ಬನ ಕಥೆಯಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೂ ಆ ಭಯ ಯಾರಿಗಾದರೂ ನಾಟಬೇಕಿದ್ದರೆ ಮೊದಲು ಕಾರ್ಬಿಟ್‌ಗೆ ನಾಟಬೇಕಿತ್ತು.

‘ಅದು ಇಂಗ್ಲೆಂಡಿನ ಹಳೆಯ ಮಾತು’ ಎನ್ನಬೇಡಿ. ನಮ್ಮಲ್ಲಿ 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದೀಚೆಗೆ ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕೆ ಮಾತ್ರ ಗಲ್ಲು. ಯಾವುದು ಅಪರೂಪ? 1993ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. 2013ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಕ್ಷಮಾ ಅರ್ಜಿಯನ್ನು ತಿರಸ್ಕರಿಸಿದಾಗ ನಾಲ್ವರೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. 2014ರ ಜನವರಿಯಲ್ಲಿ, ಅರ್ಜಿಯ ವಿಲೇವಾರಿ ಅತಿಯಾಗಿ ತಡವಾಯಿತೆಂದು ಅದೇ ಸುಪ್ರೀಂ ಕೋರ್ಟ್ ಗಲ್ಲನ್ನು ಮತ್ತೆ ಜೀವಾವಧಿಗೆ ಇಳಿಸಿತು. ಈ ಹಾವು ಏಣಿ ಆಟದಲ್ಲಿ ಅಪರಾಧವೇನೂ ಬದಲಾಗಿರಲಿಲ್ಲ. 2013ರಲ್ಲೇ ಹಗ್ಗ ಬಿಗಿದಿದ್ದರೆ ಮರುವರ್ಷದ ತೀರ್ಪನ್ನು ಯಾರಿಗೆ ಓದಿ ಹೇಳಬೇಕಿತ್ತು?

ಇನ್ನು ತಾಯಂದಿರ ಮಾತು. ಲೇಖನದಲ್ಲಿ ಅವರು ಇರಬೇಕಿತ್ತು ಎಂದು ನೀವು ಹೇಳುವುದು ನ್ಯಾಯವೇ. 2020ರ ಮಾರ್ಚ್ 20ರಂದು ತಿಹಾರ್‌ನಲ್ಲಿ ಮೀರತ್‌ನ ನೇಣುಗಾರ ಪವನ್ ಜಲ್ಲಾದ್ ನಿರ್ಭಯಾ ಪ್ರಕರಣದ ನಾಲ್ವರನ್ನು ನೇಣಿಗೇರಿಸಿದಾಗ ದೆಹಲಿಯ ಆ ಹುಡುಗಿಯ ತಾಯಿ ಕೊನೆಗೂ ನ್ಯಾಯ ಸಿಕ್ಕಿತು ಎಂದರು. ಅದನ್ನು ತಪ್ಪೆನ್ನುವ ಅಧಿಕಾರ ನನಗಿಲ್ಲ. ಆದರೆ ಅದಕ್ಕೆ ಮುಂಚೆ ಏಳು ವರ್ಷ ಅವರು ಕೋರ್ಟುಗಳನ್ನು ಅಲೆದಿದ್ದರು. ನೇಣಿನ ದಿನ ಗೊತ್ತಾಗಿ ಮೂರು ಸಲ ಮುಂದೆ ಹೋಗಿತ್ತು. ಜೀವ ತೆಗೆಯುವ ಶಿಕ್ಷೆಯಾದ್ದರಿಂದ ಮೇಲ್ಮನವಿ, ಮರುಪರಿಶೀಲನೆ, ಕ್ಷಮಾ ಅರ್ಜಿ ಯಾವುದನ್ನೂ ಕೈಬಿಡುವಂತಿಲ್ಲ, ಬಿಡಲೂಬಾರದು. ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಯಾಗಿದ್ದರೆ ಆ ಮೂರು ಮುಂದೂಡಿಕೆಗಳ ಹಿಂಸೆಯಾದರೂ ಅವರಿಗೆ ತಪ್ಪುತ್ತಿತ್ತು.

ಗಲ್ಲಿನ ಪರವಾದ ಲೇಖನವನ್ನು ಖಂಡಿತ ಕಳುಹಿಸಿ, ಕತ್ತರಿ ಹಾಕದೆ ಪ್ರಕಟಿಸುತ್ತೇವೆ. ಸಾವಿರ ಪದಗಳ ಒಳಗಿರಲಿ. ತಿಮೋಥಿ ಇವಾನ್ಸ್‌ನ ಪ್ರಕರಣಕ್ಕೆ ನಿಮ್ಮ ಉತ್ತರವೂ ಅದರಲ್ಲಿರಲಿ.

— ಸಂಪಾದಕ