ಆಮೆಮರಿಗೆ ಮಳೆಗಾಲದ ಗೂಡು

ಸಾಕುಪ್ರಾಣಿ: ನಿಮ್ಮ ಪ್ರಶ್ನೆ, ಹಾಸನದ ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನ್ನ ಮೊಮ್ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಬೇಸಿಗೆ ರಜೆಗೆ ಬಂದಾಗ ಒಂದು ಆಮೆಮರಿ ತಂದು ನಮ್ಮ ತೋಟದ ಮನೆಯಲ್ಲಿ ಬಿಟ್ಟು ಹೋದ. ಸುಲ್ಕಾಟಾ ಅಂತ ಜಾತಿ, ಆಫ್ರಿಕಾದ್ದು ಅಂದ. ನನ್ನ ಅಂಗೈಯಷ್ಟಿದೆ. ಗುಂಡ ಅಂತ ಕರೆಯುತ್ತೇವೆ. ಹಳೆಯ ಮೀನಿನ ತೊಟ್ಟಿಗೆ ಮರಳು ಹಾಕಿ, ಮೇಲೊಂದು ಬಲ್ಬು ಕಟ್ಟಿ ಟಿವಿ ಪಕ್ಕ ಇಟ್ಟಿದ್ದೇನೆ. ಸೌತೆಕಾಯಿ, ಅನ್ನ ತಿನ್ನುತ್ತೆ. ಮಳೆ ಹಿಡಿದ ಮೇಲೆ ಮಂಕಾಗಿದೆ. ಗಾಜಿಗೆ ಮೂತಿ ಉಜ್ಜುತ್ತಾ ಓಡಾಡುತ್ತೆ, ಇಲ್ಲ ಮೂಲೆಯಲ್ಲಿ ಮಲಗುತ್ತೆ. ಬಚ್ಚಲುಮನೆಯ ಹಂಡೆ ಒಲೆ ಹತ್ತಿರ ಬೆಚ್ಚಗಿರುತ್ತೆ, ಅಲ್ಲಿಡಲಾ? ಮನೆಯೊಳಗೆ ಇದಕ್ಕೆ ಸರಿಯಾದ ಗೂಡು ಹೇಗೆ ಮಾಡಿಸೋದು?
(ಮೂಡಿಗೆರೆ ತಾಲ್ಲೂಕಿನ ಓದುಗರು)

ಉತ್ತರ: ಅಮ್ಮಾ, ಬಚ್ಚಲುಮನೆ ಬೇಡ. ಒಲೆಯ ಹೊಗೆ ಆಮೆಯ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ನಮ್ಮ ಹಾಗೆ ಅದಕ್ಕೆ ಎದೆ ಹೊಟ್ಟೆಯ ನಡುವೆ ಗಟ್ಟಿಯಾದ ವಪೆ, ಅಂದರೆ ಉಸಿರಾಟದ ಸ್ನಾಯುವಿನ ಪರದೆ, ಇಲ್ಲ. ಜೋರಾಗಿ ಕೆಮ್ಮಿ ಕಫ ಹೊರಗೆ ಹಾಕಲು ಆಗುವುದಿಲ್ಲ. ಒಳಗೆ ಹೋದದ್ದು ಒಳಗೇ ಉಳಿಯುತ್ತದೆ. ಆದರೆ ಅದಕ್ಕೆ ಬೆಚ್ಚನೆ ಜಾಗ ಬೇಕು ಅಂತ ನಿಮಗೆ ಅನ್ನಿಸಿತಲ್ಲ, ಅದು ಸರಿಯಾಗಿಯೇ ಇದೆ. ಆ ಬಿಸಿಯನ್ನು ಬೇರೆ ಕಡೆ ಮಾಡಿಕೊಡೋಣ.

ಬಡಗಿಯನ್ನು ಕರೆಸುವ ಮೊದಲು ಗುಂಡನನ್ನು ಬೆಳಕಿಗೆ ಹಿಡಿದು ನೋಡಿ. ಚಿಪ್ಪಿನ ಒಂದೊಂದು ಬಿಲ್ಲೆಯಲ್ಲೂ ನಡುವಿನಿಂದ ಹಳದಿ ಗೆರೆಗಳು ಕಿರಣದ ಹಾಗೆ ಹರಡಿದ್ದರೆ ಅದು ನಮ್ಮ ದೇಶದ ನಕ್ಷತ್ರ ಆಮೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು. ಮನೆಯಲ್ಲಿ ಸಾಕುವುದು ಅಪರಾಧ, ವಲಯ ಅರಣ್ಯ ಕಚೇರಿಗೆ ಒಪ್ಪಿಸಬೇಕು. ಕಿರಣಗಳಿಲ್ಲದೆ, ತಿಳಿ ಕಂದು ಬಿಲ್ಲೆಗಳಿಗೆ ಕಪ್ಪು ಅಂಚು ಇದ್ದು, ಹಿಂದಿನ ತೊಡೆಗಳ ಮೇಲೆ ಮುಳ್ಳಿನಂಥ ಗಟ್ಟಿ ಮೊನೆಗಳಿದ್ದರೆ ಸುಲ್ಕಾಟಾ. ಇದನ್ನು ಸಾಕಬಹುದು. ಆದರೆ 2024ರಲ್ಲಿ ಬಂದ ನಿಯಮದಂತೆ ಇಂಥ ವಿದೇಶಿ ಪ್ರಾಣಿಗಳನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಮೊಮ್ಮಗನಿಗೆ ಇವತ್ತೇ ಫೋನ್ ಮಾಡಿ. ಕೊಂಡ ರಸೀದಿ ಎಲ್ಲಿದೆ, ನೋಂದಣಿ ಆಗಿದೆಯಾ ಅಂತ ಕೇಳಿ.

ಇನ್ನು ಮರಳಿನ ವಿಷಯ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಸುಮಾರು 15 ವರ್ಷದ ಹಿಂದೆ ಸಕಲೇಶಪುರ ಕಡೆಯ ಒಂದು ಮನೆಯವರು ಇಂಥದೇ ಮರಿಯನ್ನು ನನ್ನ ಹತ್ತಿರ ತಂದಿದ್ದರು. ಸಹಾರಾದ ಅಂಚಿನ ಪ್ರಾಣಿ, ಒಣ ಜಾಗವೇ ಬೇಕು ಅಂದುಕೊಂಡು ನಾನು ಮರಳು ಹಾಕಿಸಿದೆ. ನೀರಿನ ಬಟ್ಟಲನ್ನೂ ತೆಗೆಸಿದೆ. ಎರಡು ವರ್ಷದ ನಂತರ ನೋಡಿದರೆ ಬೆನ್ನಿನ ಬಿಲ್ಲೆಗಳು ಸಾಲುಗುಡ್ಡದ ಹಾಗೆ ಎದ್ದಿದ್ದವು. ಹಾಗೆ ಎದ್ದ ಚಿಪ್ಪು ಮತ್ತೆ ಸಮವಾಗುವುದಿಲ್ಲ. ಸುಲ್ಕಾಟಾ ಮರಿಗಳ ಮೇಲೆ ನಡೆದ ಒಂದು ಅಧ್ಯಯನ 2003ರಲ್ಲೇ ಪ್ರಕಟವಾಗಿತ್ತು. ಗಾಳಿ ಒಣಗಿದಷ್ಟೂ ಬೆನ್ನು ಗುಡ್ಡಗಟ್ಟುತ್ತದೆ ಅಂತ ಅದರಲ್ಲಿ ಕಂಡುಬಂದಿತ್ತು. ನಾನು ಓದಿರಲಿಲ್ಲ. ಕಾಡಿನ ಮರಿಗಳು ದಿನದ ಬಹುಪಾಲು ಬಿಲದಲ್ಲಿರುತ್ತವೆ. ಹೊರಗೆ ಎಷ್ಟೇ ಒಣಗಿದ್ದರೂ ಬಿಲದೊಳಗೆ ತೇವ ಇರುತ್ತದೆ, ಅಲ್ವಾ?

ಹಾಗಾದರೆ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ ಅಂತ ನೀವು ಕೇಳಬಹುದು. ಆರಿದ್ರಾ ಮಳೆ ಹಿಡಿದರೆ ನಿಮ್ಮಲ್ಲಿ ಹಾಸಿಗೆ ಬಟ್ಟೆಯೂ ಒದ್ದೆ. ಆದರೆ ಅದು ತಣ್ಣನೆ ತೇವ. ಮರಿಗೆ ಬೇಕಾದದ್ದು ಬೆಚ್ಚನೆ ತೇವ. ತಣ್ಣಗೆ ಒದ್ದೆಯಾದರೆ ನ್ಯುಮೋನಿಯಾ, ಬೆಚ್ಚಗೆ ಒಣಗಿದರೆ ಚಿಪ್ಪಿನಲ್ಲಿ ಗುಡ್ಡ. ನಿಮ್ಮ ಗೂಡು ಈ ಎರಡನ್ನೂ ತಪ್ಪಿಸಬೇಕು. ಅದಕ್ಕೇ ಮೇಲೆ ಮುಚ್ಚಳವಿರುವ ಪೆಟ್ಟಿಗೆ ಮಾಡಿಸಿ ಅನ್ನುತ್ತೇನೆ. ಬಾಯಿ ತೆರೆದ ತೊಟ್ಟಿಯಲ್ಲಿ ಬಿಸಿ ನಿಲ್ಲುವುದಿಲ್ಲ. ಗಾಜು ಅನ್ನುವುದು ಆಮೆಗೆ ತಿಳಿಯುವುದೂ ಇಲ್ಲ. ಆಚೆ ದಾರಿ ಇದೆ ಅಂದುಕೊಂಡು ದಿನವಿಡೀ ತಳ್ಳುತ್ತದೆ. ಗುಂಡ ಮೂತಿ ಉಜ್ಜುವುದು ಅದಕ್ಕೇ.

ನೀರು ತಡೆಯುವ ಪ್ಲೈವುಡ್, 8 ಅಡಿಗೆ 4 ಅಡಿಯ ಒಂದೇ ಹಾಳೆ ಸಾಕು. ಅರ್ಧದಲ್ಲಿ 4 ಅಡಿ ಉದ್ದ 2 ಅಡಿ ಅಗಲದ ಎರಡು ತುಂಡು ಬರುತ್ತವೆ. ಒಂದು ತಳ, ಒಂದು ಮುಚ್ಚಳ. ಉಳಿದ ಅರ್ಧದಲ್ಲಿ ಒಂದೂವರೆ ಅಡಿ ಎತ್ತರದ ಹಿಂಬದಿ, ಅಷ್ಟೇ ಎತ್ತರದ ಎರಡು ಪಕ್ಕ, ಮುಂದಕ್ಕೆ ಒಂದು ಅಡಿಯ ಪಟ್ಟಿ. ಮುಂದಿನ ಪಟ್ಟಿಯ ಮೇಲೆ ಉಳಿಯುವ ಅರ್ಧ ಅಡಿಗೆ ಸರಿಸುವ ಅಕ್ರಿಲಿಕ್ ಹಲಗೆ ಹಾಕಿಸಿ. ನೀವು ಅಲ್ಲಿಂದ ನೋಡಬಹುದು, ಅದರ ಕಣ್ಣಿಗೆ ಮಾತ್ರ ಮರವೇ ಕಾಣುತ್ತದೆ. ಎರಡೂ ಪಕ್ಕದಲ್ಲಿ ಗಾಳಿಗೆ ನಾಲ್ಕು ನಾಲ್ಕು ತೂತು ಕೊರೆಸಿ, ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಒಳಗೆ ವಾರ್ನಿಷ್ ಬಳಿಸಿದರೆ ವಾಸನೆ ಪೂರ್ತಿ ಹೋಗುವವರೆಗೆ ಮರಿಯನ್ನು ಬಿಡಬೇಡಿ. ತಳಕ್ಕೆ ಕಾಫಿ ಒಣಗಿಸುವ ತಾರ್ಪಾಲಿನ ತುಂಡು ಹಾಸಿದರೆ ಪ್ಲೈ ಕೊಳೆಯುವುದಿಲ್ಲ.

ಅದರ ಮೇಲೆ ಮೂರು ನಾಲ್ಕು ಇಂಚು ತೆಂಗಿನ ನಾರಿನ ಪುಡಿ ಹಾಕಿ. ಅರಸೀಕೆರೆ ಕಡೆ ಇಟ್ಟಿಗೆಯ ಆಕಾರದಲ್ಲಿ ಒತ್ತಿ ಮಾರುತ್ತಾರೆ. ಎರಡು ಮೂರು ನೀರಿನಲ್ಲಿ ತೊಳೆಯಿರಿ, ಉಪ್ಪಿನಂಶ ಹೋಗಲಿ. ಹಿಂಡಿದರೆ ಮುದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೋಟದಲ್ಲಿ ರಾಶಿ ಬಿದ್ದಿದೆ ಅಂತ ಕಾಫಿ ಸಿಪ್ಪೆಯನ್ನು ಮಾತ್ರ ಹಾಕಬೇಡಿ. ಅದರಲ್ಲಿ ಕೆಫೀನ್ ಉಳಿದಿರುತ್ತದೆ, ಬೇಗ ಬೂಷ್ಟು ಹಿಡಿಯುತ್ತದೆ. ಮರದ ಮಿಲ್ಲಿನ ಹೊಟ್ಟೂ ಬೇಡ, ಕಣ್ಣಿಗೆ ಮೂಗಿಗೆ ತುಂಬುತ್ತದೆ. ಈಗಿರುವ ಮರಳನ್ನು ತೆಗೆದುಬಿಡಿ. ಅನ್ನದ ಜೊತೆ ಅದೂ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು.

ಪೆಟ್ಟಿಗೆಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಲಿ. ಆಮೆ ತನ್ನ ಮೈಬಿಸಿಯನ್ನು ತಾನೇ ಮಾಡಿಕೊಳ್ಳಲಾರದು, ಓಡಾಡಿ ಹೊಂದಿಸಿಕೊಳ್ಳುತ್ತದೆ. ಬಿಸಿ ತುದಿಯಲ್ಲಿ ಬಿಸಿ ಕೊಡುವ ಬಲ್ಬಿನ ಕೆಳಗೆ ಒಂದು ಚಪ್ಪಟೆ ಕಲ್ಲಿಡಿ. ಆ ಕಲ್ಲಿನ ಮೇಲೆ 35ರಿಂದ 38 ಡಿಗ್ರಿ, ತಂಪು ತುದಿಯಲ್ಲಿ 27ರ ಆಸುಪಾಸು. ರಾತ್ರಿ 25ಕ್ಕಿಂತ ಕೆಳಗೆ ಇಳಿಯಬಾರದು. ಕೈಯಿಟ್ಟು ಅಂದಾಜು ಮಾಡಬೇಡಿ. ಎರಡು ತುದಿಗೂ ಒಂದೊಂದು ಥರ್ಮಾಮೀಟರ್ ಇರಲಿ, ತೇವ ತೋರಿಸುವ ಮೀಟರ್ ಒಂದು. ತೇವ 70ರಿಂದ 80 ಶೇಕಡಾ ಇದ್ದರೆ ಸರಿ. ತಂಪು ತುದಿಯಲ್ಲಿ ಅರ್ಧ ಒಡೆದ ಮಣ್ಣಿನ ಮಡಕೆಯನ್ನು ಬೋರಲು ಹಾಕಿ, ಅಂಚಿನ ಮೊನೆಗಳನ್ನು ಉಜ್ಜಿಬಿಡಿ. ಅದು ಗುಂಡನ ಬಿಲ.

ದೀಪದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಮಲೆನಾಡಿನಲ್ಲಿ ಆಮೆಗಳು ಸೋಲುವುದು ಇಲ್ಲೇ. ಬಿಸಿಲಿನಲ್ಲಿ ಯುವಿಬಿ ಅನ್ನುವ ಕಿರಣ ಇರುತ್ತದೆ. ಅದು ಬಿದ್ದರೆ ಮಾತ್ರ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗಿ, ತಿಂದ ಸುಣ್ಣದಂಶ ಮೂಳೆಗೂ ಚಿಪ್ಪಿಗೂ ಸೇರುತ್ತದೆ. ಇಲ್ಲದಿದ್ದರೆ ಚಿಪ್ಪು ಒತ್ತಿದರೆ ಬಗ್ಗುವಷ್ಟು ಮೆತ್ತಗಾಗುತ್ತದೆ. ನೀವು ಕಟ್ಟಿದ ಬಲ್ಬಿನಿಂದ ಈ ಕಿರಣ ಬರುವುದಿಲ್ಲ. ಕಿಟಕಿಯ ಗಾಜು ಕೂಡ ಅದನ್ನು ತಡೆಯುತ್ತದೆ, ಹಾಗಾಗಿ ಕಿಟಕಿ ಪಕ್ಕ ಇಟ್ಟರೂ ಪ್ರಯೋಜನವಿಲ್ಲ. ಸರೀಸೃಪಗಳಿಗೆಂದೇ ಬರುವ ಟಿ5 ಯುವಿಬಿ ಟ್ಯೂಬ್, 24 ವಾಟಿನದು, ಸುಮಾರು ಎರಡು ಅಡಿ ಉದ್ದದ್ದು ತರಿಸಿ. ಮೊಮ್ಮಗ ಬೆಂಗಳೂರಿನಿಂದ ಕಳಿಸಲಿ. ಸುರುಳಿ ಬಲ್ಬು ಬೇಡ, ಅದರ ಕಿರಣ ಬೀಳುವ ಜಾಗ ಚಿಕ್ಕದು. ಟ್ಯೂಬನ್ನು ಮುಚ್ಚಳದ ಒಳಗಡೆ, ಬಿಸಿ ತುದಿಯ ಕಡೆ, ಚಿಪ್ಪಿನಿಂದ ಅದರ ಡಬ್ಬಿಯ ಮೇಲೆ ಬರೆದಿರುವಷ್ಟು ದೂರದಲ್ಲಿ ಕಟ್ಟಿಸಿ. ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಬರಬಾರದು. ದಿನಕ್ಕೆ 12 ಗಂಟೆ ಉರಿಯಲಿ. ವರ್ಷಕ್ಕೊಮ್ಮೆ ಬದಲಾಯಿಸಿ. ಬೆಳಕು ಹಾಗೇ ಕಾಣುತ್ತಿದ್ದರೂ ಕಿರಣದ ಶಕ್ತಿ ಕುಂದಿರುತ್ತದೆ.

ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ. ಅದಕ್ಕೆ ಬಿಸಿ ಹೆಚ್ಚಾದರೆ ತಾನೇ ಆರಿಸುವ ಥರ್ಮೋಸ್ಟಾಟ್ ಬೇಕೇ ಬೇಕು, ಇಲ್ಲದಿದ್ದರೆ ಗೂಡು ಓವನ್ ಆದೀತು. ಹೋಲ್ಡರ್ ಪಿಂಗಾಣಿಯದ್ದಾಗಿರಲಿ, ಸುತ್ತ ತಂತಿಯ ಬಲೆ ಇರಲಿ.

ಕರೆಂಟು ಹೋದರೆ? ನಿಮ್ಮ ಕಡೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ಆ ದಿನಗಳಿಗೆ ಒಂದು ಥರ್ಮೋಕೋಲ್ ಡಬ್ಬ ಇಟ್ಟುಕೊಂಡಿರಿ. ಮುಚ್ಚಳಕ್ಕೆ ತೂತು ಮಾಡಿ. ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ದಪ್ಪ ಟವೆಲ್ಲಿನಲ್ಲಿ ಸುತ್ತಿ ಒಂದು ಬದಿಗಿಡಿ, ಮರಿ ಇನ್ನೊಂದು ಬದಿಗೆ. ಮೂರು ನಾಲ್ಕು ಗಂಟೆಗೊಮ್ಮೆ ನೀರು ಬದಲಾಯಿಸಿ. ಹಂಡೆ ಒಲೆಯ ಬಿಸಿ ಗುಂಡನಿಗೆ ಸಿಗಬೇಕಾದದ್ದು ಹೀಗೆ. ಮೈ ತಣ್ಣಗಿರುವಾಗ ತಿಂದದ್ದು ಅರಗುವುದಿಲ್ಲ, ಬೆಚ್ಚಗಾಗುವವರೆಗೆ ಮೇವು ಕೊಡಬೇಡಿ.

ಅನ್ನ ಇವತ್ತಿಗೇ ನಿಲ್ಲಿಸಿ. ಸುಲ್ಕಾಟಾ ಹುಲ್ಲು ತಿನ್ನುವ ಪ್ರಾಣಿ. ಗರಿಕೆ ಸಣ್ಣಗೆ ಕತ್ತರಿಸಿ ಹಾಕಿ. ಜೊತೆಗೆ ದಾಸವಾಳದ ಎಲೆ ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಸುಕಳ್ಳಿ. ಅಡಿಕೆಗೆ ಬೋರ್ಡೋ ಔಷಧಿ ಹೊಡೆದ ಜಾಗದ ಹುಲ್ಲನ್ನೂ ಕಳೆನಾಶಕ ಬಿದ್ದ ಹುಲ್ಲನ್ನೂ ಮುಟ್ಟಬೇಡಿ. ಮೇವಿನ ಮೇಲೆ ವಾರಕ್ಕೆ ಎರಡು ಸಲ ಚಿಟಿಕೆ ಕ್ಯಾಲ್ಸಿಯಂ ಪುಡಿ. ಬೆಳಿಗ್ಗೆ ಉಗುರು ಬೆಚ್ಚಗಿನ ನೀರಿನಲ್ಲಿ, ಗದ್ದದವರೆಗೆ ಮಾತ್ರ, 15 ನಿಮಿಷ ಕೂರಿಸಿ. ಅಲ್ಲೇ ಕುಡಿಯುತ್ತದೆ, ಅಲ್ಲೇ ಹೊಟ್ಟೆ ಖಾಲಿ ಮಾಡುತ್ತದೆ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಆಮೆಗಳ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಗುಂಡ ಮಂಕಾಗಿದೆ ಅಂದಿರಲ್ಲ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಊದಿದ ಕಣ್ಣು, ಇದರಲ್ಲಿ ಒಂದು ಕಂಡರೂ ಪೆಟ್ಟಿಗೆ ಆಗುವವರೆಗೆ ಕಾಯಬೇಡಿ. ಬೆಚ್ಚನೆ ಡಬ್ಬದಲ್ಲಿ ಅವತ್ತೇ ಪಶುವೈದ್ಯರಲ್ಲಿಗೆ ತನ್ನಿ.

ಕೊನೆಗೆ ಒಂದು ಮಾತು, ಮೊಮ್ಮಗನಿಗೂ ಓದಿ ಹೇಳಿ. ಈಗ ಅಂಗೈಯಷ್ಟಿರುವ ಇದು ಎರಡು ಅಡಿ ದಾಟಿ ಬೆಳೆಯುತ್ತದೆ. ತೂಕ 40, 50 ಕಿಲೋ, ಕೆಲವು ಇನ್ನೂ ಜಾಸ್ತಿ. ಆಯಸ್ಸು 50 ವರ್ಷಕ್ಕೂ ಮೇಲೆ. ಈ ಪೆಟ್ಟಿಗೆ ಮರಿ ಚಿಕ್ಕದಿರುವವರೆಗೆ ಮಾತ್ರ. ಆಮೇಲೆ ಒಂದು ಇಡೀ ಕೋಣೆ ಬೇಕು. ನಿಮ್ಮ ಹಳೇ ದನದ ಕೊಟ್ಟಿಗೆ ಖಾಲಿ ಇದ್ದರೆ ಕೆಡವಿಸಬೇಡಿ. ಚಾವಣಿ, ಗೋಡೆ ಭದ್ರ ಮಾಡಿಸಿ ಹೀಟರ್ ಹಾಕಿಸಿದರೆ ಗುಂಡನಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪ್ರಶ್ನೆ: ಸರ್, ಕೆನ್ನೆಯ ಮೇಲೆ ಕೆಂಪು ಪಟ್ಟಿ ಇರುವ ನೀರಾಮೆ ನಮ್ಮ ಗಾಜಿನ ಬಟ್ಟಲಿಗೆ ದೊಡ್ಡದಾಗಿದೆ. ಹೇಮಾವತಿಗೆ ಬಿಟ್ಟುಬಿಡಬಹುದಾ?
(ಗೊರೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ಬೇಡಪ್ಪಾ, ದಯವಿಟ್ಟು ಬಿಡಬೇಡ. ಅದು ಅಮೆರಿಕದ ಆಮೆ. ನಮ್ಮ ಹೊಳೆಯ ಆಮೆಗಳ ಮೇವನ್ನೂ ಬಿಸಿಲು ಕಾಯಿಸುವ ಜಾಗವನ್ನೂ ಕಸಿದುಕೊಳ್ಳುತ್ತದೆ. ಲೋಕದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಸದ್ಯಕ್ಕೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ತಂದು ಈಜುವಷ್ಟು ನೀರು ತುಂಬು, ಹತ್ತಿ ಕೂರಲು ಒಣ ಕಲ್ಲಿಡು. ಮೇಲೆ ಹೇಳಿದ ಯುವಿಬಿ ಟ್ಯೂಬ್ ಇದಕ್ಕೂ ಬೇಕು. ಸಾಕಲು ಆಗುವುದೇ ಇಲ್ಲ ಅನ್ನಿಸಿದರೆ ನನಗೆ ಇನ್ನೊಂದು ಪತ್ರ ಬರೆ, ಸಾಕುವವರನ್ನು ಇಬ್ಬರೂ ಸೇರಿ ಹುಡುಕೋಣ.