ತಾತನ ಫಿಯಟ್ಟಿಗೆ ಆ ಕಾಲದ್ದೇ ಸಾಮಗ್ರಿ

ಪ್ರಶ್ನೆ: ನಮ್ಮ ತಾತನವರು 1966ರಲ್ಲಿ ಕೊಂಡ ಫಿಯಟ್ 1100 ಡಿಲೈಟ್ ಕಾರನ್ನು ಮೊದಲಿದ್ದಂತೆಯೇ ಸಿದ್ಧಪಡಿಸಬೇಕೆಂದಿದ್ದೇನೆ. ಪೇಂಟರ್ ಪಿ.ಯು. (ಪಾಲಿಯುರಿಥೇನ್) ಬಣ್ಣವೇ ಒಳ್ಳೆಯದೆನ್ನುತ್ತಾರೆ, ಕುಶನ್ ಕೆಲಸದವರು ಫೋಮ್ ಹಾಕಿ ಹೊಸ ರೆಕ್ಸಿನ್ ಹೊಲಿಯೋಣ ಎನ್ನುತ್ತಾರೆ. ಆ ಕಾಲದ ಸಾಮಗ್ರಿ ಈಗ ಎಲ್ಲಿ ಸಿಗುತ್ತದೆ?
— ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು, ಬಿಚ್ಚಿದ ಯಾವ ವಸ್ತುವನ್ನೂ ಗುಜರಿಗೆ ಹಾಕದಂತೆ ಕೆಲಸದವರಿಗೆ ತಾಕೀತು ಮಾಡಿ. ಹರಿದ ರೆಕ್ಸಿನ್, ಒಣಗಿದ ಬೀಡಿಂಗ್, ತುಕ್ಕು ಹಿಡಿದ ಕ್ಲಿಪ್ಪು ಕೂಡ ನಿಮಗೆ ಮಾದರಿಗಳೇ. ಅಂಗಡಿಗೆ ಕೈಯಲ್ಲಿ ಹಿಡಿದು ಹೋಗಲು ಅವು ಬೇಕು.

ಬಣ್ಣದ ವಿಷಯ. ಬಾಗಿಲಿನ ಒಳಹಲಗೆ ತೆಗೆದರೆ ಬಿಸಿಲು ಕಾಣದ ಮೂಲ ಬಣ್ಣ ಅಲ್ಲಿ ಉಳಿದಿರುವ ಸಂಭವವಿದೆ. ಬಿಳಿ ಬಟ್ಟೆಗೆ ಒಂದಿಷ್ಟು ಎನ್.ಸಿ. (ನೈಟ್ರೋಸೆಲ್ಯುಲೋಸ್) ತಿನ್ನರ್ ಹಾಕಿ ಆ ಮರೆಯ ಜಾಗದಲ್ಲಿ ಉಜ್ಜಿ ನೋಡಿ: ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ನಮ್ಮವರು ಡ್ಯೂಕೋ ಎಂದು ಕರೆಯುತ್ತಿದ್ದ ನೈಟ್ರೋಸೆಲ್ಯುಲೋಸ್ ಜಾತಿಯದು, ಸುಕ್ಕುಗಟ್ಟಿದರೆ ಎನಾಮಲ್, ಏನೂ ಆಗದಿದ್ದರೆ ಒಲೆಯಲ್ಲಿ ಬೇಯಿಸಿದ ಎನಾಮಲ್ ಇರಬಹುದು, ಅಥವಾ ಯಾರೋ ಈಚೆಗೆ ಬಳಿಸಿದ ಪಿ.ಯು. ಇರಬಹುದು. ಎನ್.ಸಿ. ಬಣ್ಣ ಈಗಲೂ ದೊರೆಯುತ್ತದೆ, ಆದರೆ ಬೇಗ ಮಂಕಾಗುವುದರಿಂದ ಆಗಾಗ ಪಾಲಿಶ್ ಬೇಡುತ್ತದೆ. ಅಷ್ಟು ವ್ಯವಧಾನವಿಲ್ಲದಿದ್ದರೆ ಪಿ.ಯು. ಬಣ್ಣವನ್ನೇ ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಇಲ್ಲದೆ ಹೊಡೆಸುವುದನ್ನು ನಾನು ಒಪ್ಪುತ್ತೇನೆ. ಹಳೆಯ ಕಾರನ್ನು ನಿನ್ನೆ ಶೋರೂಮಿನಿಂದ ಬಂದದ್ದರಂತೆ ಕಾಣಿಸುವುದು ಮೇಲಿನ ಆ ಗಾಜಿನಂಥ ಹೊಳಪು.

ಸೀಟು ಬಿಚ್ಚುವಾಗ ಪದರ ಪದರವಾಗಿ ಫೋಟೊ ತೆಗೆಯಿರಿ. ಸ್ಪ್ರಿಂಗಿನ ಮೇಲೆ ತೆಂಗಿನ ನಾರು ಸಿಕ್ಕಿದರೆ ನಾರನ್ನೇ ಹಾಕಿಸಿ (ತಿಪಟೂರಿನವರಿಗೆ ನಾರು ಎಲ್ಲಿ ಸಿಗುತ್ತದೆಂದು ನಾನು ಹೇಳಬೇಕಿಲ್ಲ!). ಫೋಮ್ ತುಂಬಿದ ಸೀಟು ಉಬ್ಬಿ, ಹೊಲಿಗೆಯ ಗೆರೆಗಳು ಬೇರೆಯಾಗಿಯೇ ಕಾಣುತ್ತವೆ. ರೆಕ್ಸಿನ್ನಿನ ಬಣ್ಣಕ್ಕಿಂತ ಅದರ ಮೇಲಿನ ಅಚ್ಚಿನ ಗೆರೆ ಹೊಂದಿಸುವುದು ಕಷ್ಟ. ಸೀಟಿನಡಿಗೆ ಮಡಚಿದ ಅಂಚಿನಿಂದ ಅಂಗೈಯಗಲದ ತುಂಡು ಕತ್ತರಿಸಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ವಿಚಾರಿಸಿ.

ಬಿಡಿಭಾಗಗಳ ಮಟ್ಟಿಗೆ ನೀವು ಅದೃಷ್ಟವಂತರು. ಇದೇ ಕಾರು 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ 2000ದ ಆಸುಪಾಸಿನವರೆಗೂ ತಯಾರಾಗುತ್ತಿದ್ದುದರಿಂದ, 1089 ಸಿ.ಸಿ. ಎಂಜಿನ್ನಿನ ಬಹಳಷ್ಟು ಭಾಗಗಳು ಇನ್ನೂ ಸಿಗುತ್ತವೆ. ಆದರೆ ಗ್ರಿಲ್, ಡ್ಯಾಶ್‌ಬೋರ್ಡುಗಳು ಕಾಲಕಾಲಕ್ಕೆ ಬದಲಾಗಿವೆ. ಪದ್ಮಿನಿಯದನ್ನು ಡಿಲೈಟಿನದೆಂದು ಮಾರುವವರಿದ್ದಾರೆ, ಹಳೆಯ ಫೋಟೊದೊಂದಿಗೆ ಹೋಲಿಸದೆ ದುಡ್ಡು ಕೊಡಬೇಡಿ.

ಎರಡು ಕಡೆ ಮಾತ್ರ ಹಳೆಯದರ ಹಟ ಬೇಡ. ಡಬ್ಬ ಒಡೆಯದ ಹಳೆಯ ಸ್ಟಾಕೆಂದು ಕೊಡುವ ಟೈರು, ಬ್ರೇಕಿನ ರಬ್ಬರುಗಳು ಡಬ್ಬದೊಳಗೇ ಮುದಿಯಾಗಿರುತ್ತವೆ. ಅಳತೆ ಹಳೆಯದಿರಲಿ, ತಯಾರಿ ಹೊಸದಿರಲಿ. ಹಾಗೆಯೇ ಬ್ರೇಕ್ ಲೈನಿಂಗ್ ಕಲ್ನಾರು (ಆಸ್‌ಬೆಸ್ಟಾಸ್) ಇಲ್ಲದ್ದನ್ನೇ ಕೇಳಿ. ಹಳೆಯದನ್ನು ಉಜ್ಜಿ ಧೂಳೆಬ್ಬಿಸಬೇಡಿ.

ಕಾಗದಪತ್ರದ ಮಾತೊಂದು. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ವಿಂಟೇಜ್ ಎನಿಸಿಕೊಳ್ಳಬೇಕಾದರೆ ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಡೀಸೆಲ್ ಎಂಜಿನ್ ಕೂರಿಸಿಕೊಡುತ್ತೇವೆಂದು ಯಾರಾದರೂ ಮುಂದೆ ಬಂದರೆ, ಕಾರನ್ನು ಅವರ ಶೆಡ್ಡಿನಿಂದ ಅಂದೇ ಮನೆಗೆ ತನ್ನಿ.