ಅಪ್‌ಗ್ರೇಡ್ ಆದ ಮೇಲೆ ಉಬುಂಟುವಿನಲ್ಲಿ ಮಾನಿಟರ್ 1024×768ಕ್ಕೇ ನಿಂತುಬಿಟ್ಟಿದೆ, ಏನು ಮಾಡಲಿ?

ನೀವು ಹೇಳಿರುವುದು ಇಷ್ಟು: ಉಬುಂಟು ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿ ರೀಸ್ಟಾರ್ಟ್ ಮಾಡಿದಿರಿ. 1920×1080ರ ಮಾನಿಟರ್ ಮೇಲೆ ಎಲ್ಲವೂ ದಪ್ಪ ದಪ್ಪಗೆ, ಮಸುಕು ಮಸುಕಾಗಿ ಕಾಣುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ 1024×768ಕ್ಕಿಂತ ಜಾಸ್ತಿ ಏನೂ ಸಿಗುತ್ತಿಲ್ಲ. ಎಲ್ಲೋ ಸಿಕ್ಕ ಎಕ್ಸ್‌ರ್ಯಾಂಡರ್ (ರೆಸಲ್ಯೂಶನ್ ಬದಲಿಸುವ ಸಾಧನ) ಕಮಾಂಡ್‌ಗಳನ್ನು ಕಾಪಿ ಮಾಡಿ ಹಾಕಿದರೂ ಕೆಲಸ ಆಗಲಿಲ್ಲ.

ಮೊದಲು ಆ ಕಮಾಂಡ್‌ಗಳನ್ನು ಪಕ್ಕಕ್ಕಿಡಿ. ಬಲವಂತವಾಗಿ ರೆಸಲ್ಯೂಶನ್ ಹೇರುವುದು ಕೊನೆಯ ದಾರಿ. ಎಲ್ಲರೂ ಅದನ್ನೇ ಮೊದಲು ಮಾಡುತ್ತಾರೆ, ನಾನೂ ಮಾಡಿದ್ದೆ. ಅದರಿಂದ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ದೊಡ್ಡ ರೆಸಲ್ಯೂಶನ್ ಸಿಗಬೇಕಾದರೆ ಇಬ್ಬರು ಸರಿಯಾಗಿರಬೇಕು. ಒಬ್ಬ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ), ಇನ್ನೊಬ್ಬ ಮಾನಿಟರ್. ಮಾನಿಟರ್ ತನ್ನ ಪರಿಚಯವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ: ನಾನು ಇಂಥ ಮಾಡೆಲ್, ಇಂಥಿಂಥ ರೆಸಲ್ಯೂಶನ್ ತೋರಿಸಬಲ್ಲೆ ಅಂತ. ಇದಕ್ಕೆ ಇಡಿಐಡಿ ಅಂತ ಹೆಸರು. ಡ್ರೈವರ್ ಅದನ್ನು ಓದಿ ಪಟ್ಟಿ ಮಾಡಿಕೊಡುತ್ತದೆ. ನಿಮ್ಮ ಸೆಟ್ಟಿಂಗ್ಸ್‌ನಲ್ಲಿ ಕಾಣುವುದು ಆ ಪಟ್ಟಿ. ಪಟ್ಟಿ ಕುಗ್ಗಿದೆ ಅಂದರೆ ಇಬ್ಬರಲ್ಲಿ ಒಬ್ಬರು ಕೈಕೊಟ್ಟಿದ್ದಾರೆ. ಯಾರು ಅಂತ ತಿಳಿಯದೆ ಔಷಧಿ ಹಾಕಿದರೆ ಪ್ರಯೋಜನ ಇಲ್ಲ.

ಒಂದು ಮಾತು: ಕಮಾಂಡ್‌ಗಳ ಹೆಸರನ್ನು ನಾನು ಉಚ್ಚಾರದಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಎಕ್ಸ್‌ರ್ಯಾಂಡರ್‌ನಿಂದ ಬಂದ ದೋಷದ ಸಾಲನ್ನೇ ಮೊದಲು ನೋಡಿ. ‘ಫೇಲ್ಡ್ ಟು ಗೆಟ್ ಸೈಜ್ ಆಫ್ ಗಾಮಾ ಫಾರ್ ಔಟ್‌ಪುಟ್ ಡಿಫಾಲ್ಟ್’ ಅಂತ ಇತ್ತಾ? ಇದ್ದರೆ ಅರ್ಧ ಉತ್ತರ ಅಲ್ಲೇ ಇದೆ. ಗಾಮಾ ಅಂದರೇನು ಅಂತ ಹುಡುಕಿಕೊಂಡು ಹೋಗಬೇಡಿ. ಅಲ್ಲಿ ಮುಖ್ಯವಾದ ಪದ ಕೊನೆಯದು, ‘ಡಿಫಾಲ್ಟ್’. ಸರಿಯಾದ ಡ್ರೈವರ್ ಇದ್ದರೆ ಆ ಜಾಗದಲ್ಲಿ ಎಚ್‌ಡಿಎಂಐ-1, ಡಿಪಿ-1, ವಿಜಿಎ-1 ಅಂತ ನಿಜವಾದ ಪೋರ್ಟಿನ ಹೆಸರು ಇರುತ್ತದೆ. ‘ಡಿಫಾಲ್ಟ್’ ಅಥವಾ ‘ನನ್-1’ ಅಂತ ಬಂದರೆ ಡ್ರೈವರ್ ಇಲ್ಲ, ಸಿಸ್ಟಮ್ ಹೇಗೋ ಒಂದು ಚಿತ್ರ ತೋರಿಸಿ ದಿನ ತಳ್ಳುತ್ತಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಬೂಟ್ ಆಗುವಾಗ ಫರ್ಮ್‌ವೇರ್ ಯಾವ ಅಳತೆ ಕೊಟ್ಟಿತ್ತೋ ಸಾಮಾನ್ಯವಾಗಿ ಅದೇ ಗತಿ. ನೀವು ಎಷ್ಟು ಹೊಸ ಮೋಡ್ (ರೆಸಲ್ಯೂಶನ್) ಸೇರಿಸಿದರೂ ಅದು ಕೇಳುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ‘ಎಲ್‌ಎಸ್‌ಪಿಸಿಐ’, ಒಂದು ಸ್ಪೇಸ್, ಹೈಫನ್, ‘ಕೆ’ ಕೊಡಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ‘ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್’ ಅನ್ನುವ ಸಾಲು ಹುಡುಕಿ. ಅದರ ಕೆಳಗೆ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಅಂತ ಇರಬೇಕು. ಇಂಟೆಲ್ ಆದರೆ ಐ915, ಎಎಂಡಿ ಆದರೆ ಎಎಂಡಿಜಿಪಿಯು, ಎನ್‌ವಿಡಿಯಾ ಆದರೆ ಎನ್‌ವಿಡಿಯಾ ಅಥವಾ ನೌವೊ. ಆ ಸಾಲೇ ಕಾಣಿಸದಿದ್ದರೆ ಕಳ್ಳ ಸಿಕ್ಕ.

ಇದಕ್ಕಿಂತ ಸುಲಭದ ಪರೀಕ್ಷೆ ಒಂದಿದೆ, ಟೈಪ್ ಮಾಡುವುದೂ ಬೇಡ. ರೀಸ್ಟಾರ್ಟ್ ಮಾಡುವಾಗ ಎಸ್ಕೇಪ್ ಒತ್ತಿ (ಹಳೆಯ ಬಯೋಸ್ ಯಂತ್ರದಲ್ಲಿ ಶಿಫ್ಟ್ ಹಿಡಿದುಕೊಳ್ಳಿ), ಗ್ರಬ್ ಮೆನು (ಯಾವುದನ್ನು ಬೂಟ್ ಮಾಡಬೇಕು ಅಂತ ಕೇಳುವ ಪಟ್ಟಿ) ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಳೆಯ ಕರ್ನೆಲ್ (ಉಬುಂಟುವಿನ ತಿರುಳು ಭಾಗ) ಆರಿಸಿ. ಅದರಲ್ಲಿ ಎಲ್ಲ ಸರಿಯಾಗಿ ಕಂಡರೆ ಮಾನಿಟರ್, ಕೇಬಲ್ ಎರಡೂ ನಿರ್ದೋಷಿ. ಹೊಸ ಕರ್ನೆಲ್‌ಗೆ ಡ್ರೈವರ್ ಸೇರಿಲ್ಲ, ಅಷ್ಟೇ. ಸರಿಹೋಗುವ ತನಕ ಆ ಹಳೆಯ ಕರ್ನೆಲ್‌ನಲ್ಲೇ ಆರಾಮಾಗಿ ಕೆಲಸ ಮಾಡಬಹುದು.

ಡ್ರೈವರ್ ಏಕೆ ಸೇರಲಿಲ್ಲ? ನಾನು ಜಾಸ್ತಿ ನೋಡಿರುವ ಕಾರಣ ‘ನೋಮೋಡ್‌ಸೆಟ್’ ಅನ್ನುವ ಬೂಟ್ ಸೂಚನೆ. ಸ್ನೇಹಿತನೊಬ್ಬನ ಕಂಪ್ಯೂಟರ್‌ನಲ್ಲಿ ನಿಮ್ಮದೇ ಕಥೆ ಆಗಿತ್ತು. ಡ್ರೈವರ್ ತೆಗೆದೆವು, ಹಾಕಿದೆವು, ಸಂಜೆಯೆಲ್ಲ ಅದೇ ಆಯಿತು. ಕೊನೆಗೆ ಬೇಸರದಲ್ಲಿ ಸುಮ್ನೆ ‘ಕ್ಯಾಟ್ /ಪ್ರೋಕ್/ಸಿಎಂಡಿಲೈನ್’ ಕೊಟ್ಟೆ. ಕರ್ನೆಲ್ ಯಾವ ಸೂಚನೆಗಳ ಜೊತೆ ಬೂಟ್ ಆಗಿದೆ ಅಂತ ಅದು ಒಂದೇ ಸಾಲಿನಲ್ಲಿ ತೋರಿಸುತ್ತದೆ. ‘ಕ್ವೈಟ್ ಸ್ಪ್ಲಾಶ್’ ಪಕ್ಕದಲ್ಲಿ ಆ ಪದ ಕೂತಿತ್ತು. ಎಷ್ಟೋ ಹಿಂದೆ ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಗಿದೆ ಅಂತ ಅವನೇ ಹಾಕಿದ್ದ, ಮರೆತೇಬಿಟ್ಟಿದ್ದ.

ಹಾಗಾದರೆ ಇಷ್ಟು ದಿನ ಹೇಗೆ ನಡೆಯುತ್ತಿತ್ತು ಅಂತ ಕೇಳ್ತೀರಿ ಅಲ್ವಾ? ನಮಗೂ ಅದೇ ತಲೆ ತಿಂದಿತ್ತು. ಅವನು ಬಳಸುತ್ತಿದ್ದದ್ದು ಕಾರ್ಡ್ ತಯಾರಕರದೇ ಡ್ರೈವರ್, ಅದು ಆ ಪದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಕರ್ನೆಲ್ ಜೊತೆ ಬರುವ ಮುಕ್ತ ಡ್ರೈವರ್‌ಗಳು ನೋಮೋಡ್‌ಸೆಟ್ ಕಂಡರೆ ಲೋಡ್ ಆಗುವುದೇ ಇಲ್ಲ. ಉಬುಂಟು ಆವೃತ್ತಿ ಬದಲಾಗುವಾಗ ಹೊರಗಿನ ರೆಪಾಸಿಟರಿಗಳನ್ನು ಆಫ್ ಮಾಡುತ್ತದೆ. ಅವನ ಡ್ರೈವರ್ ಅಂಥ ಕಡೆಯಿಂದ ಬಂದಿತ್ತು, ಹೊಸ ಕರ್ನೆಲ್‌ಗೆ ಹೊಂದುವ ಪ್ರತಿ ಬರಲಿಲ್ಲ. ಅದರ ಜಾಗಕ್ಕೆ ಬರಬೇಕಾಗಿದ್ದ, ಎನ್‌ವಿಡಿಯಾ ಕಾರ್ಡಿನ ಮುಕ್ತ ಡ್ರೈವರ್ ನೌವೊಗೆ ನೋಮೋಡ್‌ಸೆಟ್ ಬಾಗಿಲು ಹಾಕಿತ್ತು.

ನಿಮ್ಮಲ್ಲೂ ಆ ಪದ ಇದ್ದರೆ ‘/ಇಟಿಸಿ/ಡಿಫಾಲ್ಟ್/ಗ್ರಬ್’ ಫೈಲನ್ನು ಸುಡೋ ಹಾಕಿ (ಅಂದರೆ ಅಡ್ಮಿನ್ ಅಧಿಕಾರದಲ್ಲಿ) ತೆರೆಯಿರಿ. ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್’ ಸಾಲಿನಿಂದ ಅದೊಂದನ್ನು ಅಳಿಸಿ ಸೇವ್ ಮಾಡಿ. ‘ಸುಡೋ ಅಪ್‌ಡೇಟ್-ಗ್ರಬ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಅಪ್‌ಡೇಟ್-ಗ್ರಬ್ ಮರೆತರೆ ಫೈಲ್ ಬದಲಾದರೂ ಬೂಟ್ ಬದಲಾಗುವುದಿಲ್ಲ.

ಆ ಪದ ಇಲ್ಲ, ಕಾರ್ಡ್ ಎನ್‌ವಿಡಿಯಾ ಅಂತಾದರೆ ‘ಡಿಕೆಎಂಎಸ್ ಸ್ಟೇಟಸ್’ ಕೊಡಿ. ಡ್ರೈವರ್ ಡಿಕೆಎಂಎಸ್ ಮೂಲಕ ಬಂದಿದ್ದರೆ ಪ್ರತಿ ಹೊಸ ಕರ್ನೆಲ್‌ಗೂ ಅದರ ಮಾಡ್ಯೂಲ್ ಮತ್ತೆ ತಯಾರಾಗಬೇಕು. ಕರ್ನೆಲ್ ಹೆಡರ್ಸ್ ಪ್ಯಾಕೇಜ್ ಇಲ್ಲದಿದ್ದರೆ ತಯಾರಾಗುವುದಿಲ್ಲ. ಅದು ತಯಾರಾಗಿದ್ದೂ ಲೋಡ್ ಆಗದಿದ್ದರೆ ಸೆಕ್ಯೂರ್ ಬೂಟ್ ಮೇಲೆ ಅನುಮಾನ ಪಡಿ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಸಹಿ ಇಲ್ಲದ ಮಾಡ್ಯೂಲನ್ನು ಕರ್ನೆಲ್ ಒಳಗೆ ಬಿಡುವುದಿಲ್ಲ. ಅಪ್‌ಗ್ರೇಡ್ ನಡುವೆ ಒಂದು ಪಾಸ್‌ವರ್ಡ್ ಇಡಿ ಅಂತ ಕೇಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದಿತ್ತಾ? ಅದು ‘ಎನ್‌ರೋಲ್ ಎಂಒಕೆ’ ಅಂತ ಕೇಳುವ ಪರದೆ. ಬಹಳ ಜನ ಗಾಬರಿಯಾಗಿ ಅಲ್ಲಿ ‘ಕಂಟಿನ್ಯೂ ಬೂಟ್’ ಒತ್ತಿಬಿಡುತ್ತಾರೆ, ಸಹಿಯ ಕೀಲಿ ಸೇರುವುದೇ ಇಲ್ಲ. ಡ್ರೈವರನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಆ ಪರದೆ ಬಂದಾಗ ಈ ಸಲ ಎನ್‌ರೋಲ್ ಆರಿಸಿ, ಇಟ್ಟ ಪಾಸ್‌ವರ್ಡ್ ಕೊಡಿ.

ಇಂಟೆಲ್ ಅಥವಾ ಎಎಂಡಿ ಆದರೆ ನಿಮ್ಮ ಕರ್ನೆಲ್ ನಂಬರಿನ ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಪ್ಯಾಕೇಜ್ ಇದೆಯಾ ನೋಡಿ. ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಅದು ತಪ್ಪಿಹೋಗಬಹುದು. ರೆಸಲ್ಯೂಶನ್ ಜೊತೆ ವೈಫೈ, ಸೌಂಡ್ ಕೂಡ ಹೋಗಿದ್ದರೆ ಮೊದಲು ಇದನ್ನೇ ನೋಡಿ.

ಈಗ ಇನ್ನೊಂದು ಕಡೆ. ಡ್ರೈವರ್ ಸರಿ ಇದೆ, ಪೋರ್ಟಿನ ಹೆಸರೂ ಸರಿಯಾಗಿ ಬರುತ್ತಿದೆ, ಆದರೂ 1024×768, 800×600, 640×480 ಥರದ ಚಿಕ್ಕ ಅಳತೆಗಳಷ್ಟೇ ಇವೆ. ಇದು ಇಡಿಐಡಿ ಬರುತ್ತಿಲ್ಲ ಅನ್ನುವುದರ ಗುರುತು. ಮಾನಿಟರ್ ಏನೂ ಹೇಳದಿದ್ದರೆ ಕರ್ನೆಲ್ ತಾನಾಗಿ 1024×768ರವರೆಗೆ ಮಾತ್ರ ಕೊಡುತ್ತದೆ. ಯಾವ ಮಾನಿಟರ್ ಆದರೂ ಇಷ್ಟು ತಡೆದುಕೊಳ್ಳುತ್ತದೆ ಅನ್ನುವ ಲೆಕ್ಕ.

ಪರೀಕ್ಷಿಸಲು ‘/ಸಿಸ್/ಕ್ಲಾಸ್/ಡಿಆರ್‌ಎಂ’ ಫೋಲ್ಡರಿಗೆ ಹೋಗಿ. ಕಾರ್ಡ್0-ಎಚ್‌ಡಿಎಂಐ-ಎ-1 ಅಥವಾ ಕಾರ್ಡ್1-ವಿಜಿಎ-1 ಥರದ ಫೋಲ್ಡರ್‌ಗಳು ಇರುತ್ತವೆ. ನಿಮ್ಮ ಪೋರ್ಟಿನದರ ಒಳಗೆ ‘ಇಡಿಐಡಿ’ ಅನ್ನುವ ಫೈಲ್ ಇದೆ. ಎಲ್‌ಎಸ್ ಕೊಟ್ಟು ಅದರ ಗಾತ್ರ ನೋಡಬೇಡಿ, ಸರಿ ಇದ್ದರೂ ಅದು 0 ಅಂತಲೇ ತೋರಿಸುತ್ತದೆ. ಕ್ಯಾಟ್‌ನಿಂದ ಓದಿ ‘ಡಬ್ಲ್ಯುಸಿ ಹೈಫನ್ ಸಿ’ಗೆ ಪೈಪ್ ಮಾಡಿ (ನಡುವೆ | ಗುರುತು ಹಾಕಿ), ಎಷ್ಟು ಬೈಟ್ ಇದೆ ಅಂತ ಅದು ಎಣಿಸುತ್ತದೆ. 128 ಅಥವಾ 256 ಬಂದರೆ ಮಾನಿಟರ್ ಮಾತಾಡುತ್ತಿದೆ. 0 ಬಂದರೆ ಮೌನ.

ನನ್ನದು ಮೌನದ ಕೇಸು. ಉಬುಂಟು 20.04ರಿಂದ 22.04ಕ್ಕೆ ಹೋದಾಗ ರೆಸಲ್ಯೂಶನ್ ಬಿದ್ದುಹೋಯಿತು. ಅಪ್‌ಗ್ರೇಡ್‌ಗೆ ಬೈದುಕೊಂಡೆ. ಡಬ್ಲ್ಯುಸಿ 0 ಅಂದ ಮೇಲೆ ಮೇಜಿನ ಹಿಂದೆ ಬಗ್ಗಿ ವಿಜಿಎ ಕೇಬಲ್ ಬಿಚ್ಚಿದೆ. ಟಾರ್ಚ್ ಹಾಕಿ ನೋಡಿದರೆ ಕೆಳಗಿನ ಸಾಲಿನಲ್ಲಿ 12ನೇ ಪಿನ್ ಒಳಗೆ ಮಡಚಿಕೊಂಡು ಮಲಗಿತ್ತು. ವಿಜಿಎಯಲ್ಲಿ ಬಣ್ಣ ಹೋಗುವುದು 1, 2, 3ನೇ ಪಿನ್‌ಗಳಲ್ಲಿ. ಪರಿಚಯ ಬರುವುದು 12 ಮತ್ತು 15ರಲ್ಲಿ. ಅದಕ್ಕೇ ಚಿತ್ರ ಚೆನ್ನಾಗಿತ್ತು, ಪರಿಚಯ ಮಾತ್ರ ಇರಲಿಲ್ಲ. (9ನೇ ಪಿನ್ ಹಲವು ಕೇಬಲ್‌ಗಳಲ್ಲಿ ಮೊದಲಿನಿಂದಲೇ ಇರುವುದಿಲ್ಲ, ಅದನ್ನು ನೋಡಿ ಹೆದರಬೇಡಿ.)

ಹಾಗಾದರೆ ಆ ಪಿನ್ ಅಪ್‌ಗ್ರೇಡ್ ದಿನವೇ ಮಡಚಿತೇ? ಇಲ್ಲ. ಅದು ಯಾವಾಗಲೋ ಹೋಗಿತ್ತು. ಆಗ ನಾನು ಕೇಬಲ್ ನೋಡುವ ಬದಲು ‘/ಇಟಿಸಿ/ಎಕ್ಸ್11/ಎಕ್ಸ್‌ಆರ್ಗ್.ಕಾನ್ಫ್’ ಫೈಲಿನಲ್ಲಿ ರೆಸಲ್ಯೂಶನ್ ಬಲವಂತವಾಗಿ ಬರೆದಿಟ್ಟು ಕೈ ತೊಳೆದುಕೊಂಡಿದ್ದೆ. 20.04ರಲ್ಲಿ ಮಾಮೂಲಾಗಿ ಇದ್ದದ್ದು ಎಕ್ಸ್ ಸೆಷನ್ (ಎಕ್ಸ್ ಅಂದರೆ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹಳೆಯ ವ್ಯವಸ್ಥೆ), ಅದು ಆ ಫೈಲ್ ಓದುತ್ತಿತ್ತು. 22.04ರಲ್ಲಿ ನನ್ನ ಯಂತ್ರಕ್ಕೆ ಅದರ ಜಾಗದಲ್ಲಿ ವೇಲ್ಯಾಂಡ್ ಅನ್ನುವ ಹೊಸ ವ್ಯವಸ್ಥೆ ಬಂತು. ವೇಲ್ಯಾಂಡ್ ಆ ಫೈಲನ್ನು ಮುಟ್ಟಿಯೂ ನೋಡುವುದಿಲ್ಲ. ಅಪ್‌ಗ್ರೇಡ್ ಏನನ್ನೂ ಕೆಡಿಸಿರಲಿಲ್ಲ, ನಾನು ಮುಚ್ಚಿಟ್ಟಿದ್ದನ್ನು ತೆರೆದಿತ್ತು ಅಷ್ಟೇ. ಹೊಸ ಕೇಬಲ್ ಹಾಕಿದೆ, ಒಂದು ಅಕ್ಷರ ಟೈಪ್ ಮಾಡದೆ 1920×1080 ಬಂತು.

ಆದ್ದರಿಂದ ನಿಮಗೂ 0 ಬಂದರೆ ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ. ನಡುವೆ ಕೆವಿಎಂ ಸ್ವಿಚ್ (ಒಂದೇ ಮಾನಿಟರನ್ನು ಹಲವು ಕಂಪ್ಯೂಟರಿಗೆ ಹಂಚುವ ಪೆಟ್ಟಿಗೆ), ಸ್ಪ್ಲಿಟರ್, ಕನ್ವರ್ಟರ್ ಏನಿದ್ದರೂ ತೆಗೆದು ನೇರವಾಗಿ ಜೋಡಿಸಿ. ಪರಿಚಯವನ್ನು ನುಂಗಿಹಾಕುವ ಅಗ್ಗದ ಕನ್ವರ್ಟರ್‌ಗಳಿಗೆ ಬರವಿಲ್ಲ.

ಕೇಬಲ್ ಬದಲಿಸಿದರೂ ಮಾನಿಟರ್ ಬಾಯಿ ಬಿಡಲಿಲ್ಲ ಅಂದರೆ ಮಾತ್ರ ಬಲವಂತದ ದಾರಿ. ನೀವು ಯಾವ ಸೆಷನ್‌ನಲ್ಲಿ ಇದ್ದೀರಿ ಅಂತ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ‘ವಿಂಡೋಯಿಂಗ್ ಸಿಸ್ಟಮ್’ ಎದುರು ನೋಡಿ. ವೇಲ್ಯಾಂಡ್ ಆದರೆ ಎಕ್ಸ್‌ರ್ಯಾಂಡರ್‌ನಿಂದ ಹೊಸ ಮೋಡ್ ಸೇರಿಸಲು ಆಗುವುದಿಲ್ಲ. ಅಲ್ಲಿ ಪೋರ್ಟಿನ ಹೆಸರು ‘ಎಕ್ಸ್‌ವೇಲ್ಯಾಂಡ್0’ ಅಂತ ಕಾಣುವುದೂ ಉಂಟು. ಆಗ ಮೇಲೆ ಹೇಳಿದ ಗ್ರಬ್ ಸಾಲಿಗೇ ‘ವಿಡಿಯೊ=ವಿಜಿಎ-1:1920×1080@60’ ಅಂತ ಸೇರಿಸಿ, ಅಪ್‌ಡೇಟ್-ಗ್ರಬ್ ಕೊಡಿ. ಗುಣಾಕಾರದ ಗುರುತಿನ ಜಾಗದಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಹಾಕಬೇಕು. ಪೋರ್ಟಿನ ಹೆಸರು ಡಿಆರ್‌ಎಂ ಫೋಲ್ಡರಿನಲ್ಲಿ ಕಂಡದ್ದೇ ಇರಲಿ, ‘ಕಾರ್ಡ್0-’ ಭಾಗ ಬಿಟ್ಟು.

ಎಕ್ಸ್ ಸೆಷನ್ ಆದರೆ ‘ಸಿವಿಟಿ 1920 1080 60’ ಕೊಡಿ. ಅದು ಮೋಡ್‌ಲೈನ್ ಅನ್ನುವ ಉದ್ದದ ಸಾಲು ಕೊಡುತ್ತದೆ. ಅದನ್ನು ಎಕ್ಸ್‌ರ್ಯಾಂಡರ್‌ನ ‘ನ್ಯೂಮೋಡ್’ಗೆ, ಆಮೇಲೆ ‘ಆ್ಯಡ್‌ಮೋಡ್’ಗೆ, ಕೊನೆಗೆ ‘ಔಟ್‌ಪುಟ್’, ‘ಮೋಡ್’ಗೆ ಕೊಡಬೇಕು. ಇಲ್ಲಿ ಒಂದು ತೊಡಕಿದೆ. ಸಿವಿಟಿ ಕೊಡುವ ಮೊದಲ ಸಂಖ್ಯೆ 173, ಅದು ಮೆಗಾಹರ್ಟ್ಸ್‌ನಲ್ಲಿ ಪಿಕ್ಸೆಲ್ ಕ್ಲಾಕ್. ಸಿಂಗಲ್ ಲಿಂಕ್ ಡಿವಿಐ ಮತ್ತು ಹಳೆಯ ಎಚ್‌ಡಿಎಂಐ ಪೋರ್ಟ್‌ಗಳ ಮಿತಿ 165. ಹಾಗಾಗಿ ಅಲ್ಲಿ ಪರದೆ ಕಪ್ಪಾಗಬಹುದು, ಮೋಡ್ ಬೇಡ ಅಂತಲೂ ಅನ್ನಬಹುದು. ಕಮಾಂಡ್‌ನಲ್ಲಿ ಸಿವಿಟಿ ಪದದ ಪಕ್ಕದಲ್ಲಿ ‘ಹೈಫನ್ ಆರ್’ ಸೇರಿಸಿ, 138.50 ಬರುತ್ತದೆ, ಮಿತಿಯೊಳಗೆ ಕೂರುತ್ತದೆ. ಇನ್ನು 1366×768ರ ಮಾನಿಟರ್ ಇರುವವರಿಗೆ ಸಿವಿಟಿ 1368 ಅಂತ ಕೊಟ್ಟರೆ ಬೆಚ್ಚಬೇಡಿ. ಅದಕ್ಕೆ 8ರಿಂದ ಭಾಗವಾಗುವ ಅಗಲವೇ ಬೇಕು.

ಇನ್ನೊಂದು ಚಿಕ್ಕ ಸಾಧ್ಯತೆ: ಪಟ್ಟಿಯಲ್ಲಿ 1920×1080 ಇದ್ದೂ ಲಾಗಿನ್ ಆದ ತಕ್ಷಣ ಬೇರೆಯದಕ್ಕೆ ಜಿಗಿಯುವುದು. ಅದು ಹಳೆಯ ಸೆಟ್ಟಿಂಗ್ ಫೈಲಿನ ಕೆಲಸ. ಹೋಮ್ ಫೋಲ್ಡರಿನ ‘.ಕಾನ್ಫಿಗ್’ ಒಳಗಿನ ‘ಮಾನಿಟರ್ಸ್.ಎಕ್ಸ್‌ಎಂಎಲ್’ ಹೆಸರು ಬದಲಿಸಿ ಮತ್ತೆ ಲಾಗಿನ್ ಆಗಿ. ಆಟೋಸ್ಟಾರ್ಟ್‌ನಲ್ಲಿ ಸ್ವಂತ ಸ್ಕ್ರಿಪ್ಟ್ ಇಟ್ಟಿದ್ದರೆ ಪೋರ್ಟಿನ ಹೆಸರನ್ನೂ ನೋಡಿ. ಡ್ರೈವರ್ ಬದಲಾದರೆ ಅದೇ ಪೋರ್ಟ್ ಎಚ್‌ಡಿಎಂಐ1 ಇದ್ದದ್ದು ಎಚ್‌ಡಿಎಂಐ-1 ಆಗುತ್ತದೆ, ಇನ್ನೊಂದರಲ್ಲಿ ಎಚ್‌ಡಿಎಂಐ-ಎ-0. ಒಂದು ಹೈಫನ್‌ಗಾಗಿ ಸ್ಕ್ರಿಪ್ಟ್ ಸುಮ್ಮನೆ ಕೂತಿರುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಮೂರು ವಿಷಯ ಇಲ್ಲಿ ಹಾಕಿ: ಎಲ್‌ಎಸ್‌ಪಿಸಿಐಯಲ್ಲಿ ಆ ವಿಜಿಎ ಸಾಲು ಮತ್ತು ಅದರ ಕೆಳಗಿನ ಸಾಲುಗಳು, ಸಿಎಂಡಿಲೈನ್‌ನ ಒಂದು ಸಾಲು, ಡಬ್ಲ್ಯುಸಿ ಕೊಟ್ಟ ಸಂಖ್ಯೆ. ಹಳೆಯ ಕರ್ನೆಲ್‌ನಲ್ಲಿ ಏನಾಯಿತು ಅಂತಲೂ ಬರೆಯಿರಿ. ಪರದೆಯ ಫೋಟೊ ಬೇಡ, ಟೆಕ್ಸ್ಟ್ ಆಗಿಯೇ ಪೇಸ್ಟ್ ಮಾಡಿ.